ನೋಡಲು ಬಂದವರ ತುಟಿಗೆ ಜೇನು ಕಡಿದದ್ದು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನನ್ನು ನೋಡಲು ಹರಪನಹಳ್ಳಿಯಿಂದ ಹುಡುಗ, ಅವರ ಅಪ್ಪ, ಅವ್ವ ಹೊಸಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ನಾನು ಶಿರಾ, ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಗೆ ಹೋಗಿದ್ದೆನಷ್ಟೆ, ಪಡಸಾಲೆಯಿಂದ "ಅವ್ವಾ!" ಎಂಬ ಕೂಗು ಕೇಳಿತು. ಅಂಗಳದ ಬೇವಿನ ಮರದ ಜೇನುಹುಳವೊಂದು ಶಿರಾದ ಮೇಲೆ ಕೂತಿದ್ದು, ಚಮಚದ ಜೊತೆಗೇ ಹೋಗಿ ಹುಡುಗನ ಕೆಳತುಟಿಗೆ ಕುಟುಕಿತ್ತು.

ಆಮೇಲೆ ನಡೆದದ್ದರಲ್ಲಿ ಹುಳದ ತಪ್ಪೇನೂ ಇಲ್ಲ.

ನಮ್ಮಜ್ಜಿ ಎಲೆಅಡಿಕೆ ಚೀಲ ಬಿಚ್ಚಿ, "ಸುಣ್ಣ ಹಚ್ಚಿದ್ರ ಉರಿ ಇಳಿತೈತಿ, ತುಟಿ ಮುಂದ ಮಾಡಪಾ" ಎಂದು ಬಳಿದೇಬಿಟ್ಟಳು. ಉರಿ ಏರಿತು. ಸೋದರಮಾವ ಉಳ್ಳಾಗಡ್ಡಿ ಜಜ್ಜಿ ತಂದು ತಿಕ್ಕಿದ. ಅದರ ಘಾಟಿಗೆ ಹುಡುಗನ ಕಣ್ಣಲ್ಲಿ ನೀರು. ಪಕ್ಕದ ಮನೆಯಾಕೆ "ಇದು ತಣ್ಣಗಿರ್ತೈತಿ ನೋಡ್ರಿ" ಎನ್ನುತ್ತ ಟೂತ್‌ಪೇಸ್ಟ್ ಮೆತ್ತಿದರು. ಕೊನೆಗೆ ಹುಡುಗನ ಅಪ್ಪನೇ ಜೇಬಿನಿಂದ ಬೀಗದ ಕೈ ತೆಗೆದು, "ಕಬ್ಬಿಣ ವಿಷ ಎಳಿತೈತಿ" ಎಂದು ಎಲ್ಲದರ ಮೇಲೆ ಉಜ್ಜಿದರು. ತುಟಿ ಬದನೆಕಾಯಿಯಾಯಿತು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಆದರೆ ಮುಳ್ಳನ್ನು ಯಾರೂ ತೆಗೆದೇ ಇಲ್ಲವೆಂದು ಹೊಳೆದಾಗ ತಂಬಿಗೆ ನೀರು ಹಿಡಿದು ಹೊರಗೆ ಬಂದೆ.

"ಸ್ವಲ್ಪ ಸರೀರಿ ಎಲ್ಲಾರೂ. ಮುಳ್ಳು ಇನ್ನೂ ಒಳಗ ಐತಿ."

"ಲೇ, ನೀ ಒಳಗ ನಡಿ!" ಅವ್ವ ಹಲ್ಲು ಕಡಿದಳು.

"ತಗೀಲಿ ಬಿಡ್ರಿ," ಎಂದರು ಹುಡುಗನ ಅವ್ವ. "ನೀವೆಲ್ಲಾ ಸೇರಿ ಇನ್ನೊಂದು ಹಚ್ಚೋಕಿಂತ ಮೊದ್ಲ ತಗೀಲಿ."

ತುಟಿ ತೊಳೆದು, ಉಗುರಿನಿಂದ ಕೆರೆದು ಮುಳ್ಳು ತೆಗೆದೆ. ಮಣ್ಣಿನ ಕೊಡದ ನೀರಿನಲ್ಲಿ ಬಟ್ಟೆ ಅದ್ದಿ, ಒತ್ತಿ ಹಿಡಿಯಲು ಕೊಟ್ಟೆ. ಹುಡುಗನಿಗೆ ತುಸು ಸಮಾಧಾನವಾದ ಮೇಲೆ, "ಹುಡುಗಿಗೆ ಏನರ ಕೇಳೋದಿದ್ರ ಕೇಳಪಾ" ಎಂದರು ಅವರಪ್ಪ. ಅವರು ಬಟ್ಟೆ ಸರಿಸಿ ಏನೋ ಕೇಳಿದರು. ನನಗೆ ಬರೀ "ಫು... ಫು..." ಎಂದು ಕೇಳಿಸಿತು. ಅಂದಾಜಿನ ಮೇಲೆ "ಹೂನ್ರಿ" ಅಂದೆ.

ಮರುದಿನವೇ ಅವರ ಒಪ್ಪಿಗೆ ಬಂತು. ಅಪ್ಪ ನನ್ನನ್ನೂ ಕೇಳಿದ.

"ಮುಖಾನ ನೋಡಿಲ್ಲಪ್ಪ. ಬರೀ ಸುಣ್ಣ, ಪೇಸ್ಟು ನೋಡೀನಿ. ಇನ್ನೊಮ್ಮೆ ಬರ್ಲಿ."

ಹುಡುಗಿಯೇ ಹುಡುಗನನ್ನು ಎರಡನೇ ಸಲ ಕರೆಸುವುದೆ? ಅವ್ವ ಹಣೆ ಬಡಿದುಕೊಂಡಳು. ಅಪ್ಪ ನಗುತ್ತ ಎಸ್‌ಟಿಡಿ ಬೂತಿಗೆ ಹೋದ.

ಮುಂದಿನ ಭಾನುವಾರ ಅವರೊಬ್ಬರೇ ಬಸ್ಸಿಳಿದು ಬಂದರು. ಬಾವು ಇಳಿದಿತ್ತು. ಮೂಗು ತುಸು ಡೊಂಕು, ಕಣ್ಣು ಚಂದ.

"ಅವತ್ತು ನೀವು ಕೇಳಿದ್ದು ಏನ್ರಿ?"

"ಹಾಡು ಬರ್ತೈತೇನು ಅಂತ ಕೇಳಿದ್ದೆ. ನೀವು ಹೂನ್ರಿ ಅಂದ್ರಿ."

"ಬರಂಗಿಲ್ರಿ."

"ಅಯ್ಯ, ನಮ್ಮವ್ವ ಓಣಿಗೆಲ್ಲಾ ಹೇಳ್ಯಾಳಲ್ರೀ!"

ಇಬ್ಬರೂ ನಕ್ಕುಬಿಟ್ಟೆವು. ಆ ನಗು ಕೇಳಿದ ಅವ್ವ, ಇನ್ನು ಯಾರನ್ನೂ ಏನೂ ಕೇಳದೆ ಸಕ್ಕರೆ ಡಬ್ಬಿ ತಂದಳು.

ಮದುವೆಯಾಗಿ ಹರಪನಹಳ್ಳಿಗೆ ಹೋದ ದಿನ ಓಣಿಯ ಹೆಂಗಸರು ಸುತ್ತ ಕೂತು, "ಹಾಡವಾ" ಎಂದರು. ಅಷ್ಟರಲ್ಲಿ ಮಗನಿಂದ ನಿಜ ತಿಳಿದಿದ್ದ ಅತ್ತೆ, "ಆಕಿಗೆ ಗಂಟಲು ಕಟ್ಟೈತ್ರಿ" ಎಂದು ತಾವೇ ಹಾಡತೊಡಗಿದರು. ಅವರಿಗೂ ಹಾಡು ಬರುತ್ತಿರಲಿಲ್ಲ.