ನಮ್ಮ ಕ್ಯಾಪ್ಟನ್ ಸಾಬರನ್ನು ಕೆಡಿಸಿದವರು

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಇಡುವುದು ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ. ಟಾಕೀಸಿನಲ್ಲಿ ಪಾಪ್‌ಕಾರ್ನ್ ತುಂಬಿ ಕೊಟ್ಟ ಡಬ್ಬ ಅದು; ಮೈತುಂಬ ಚುಕ್ಕಿಗಳು, ನಡುವೆ ನರೆತ ಗಡ್ಡದ ಮುದುಕನೊಬ್ಬನ ಮುಖ. ಬೆಳಿಗ್ಗೆ ನನ್ನ ಹೆಂಡತಿ ಒಗ್ಗರಣೆಗೆಂದು ಅದರ ಮುಚ್ಚಳ ತೆಗೆದಳೆಂದರೆ ಬೀದರಿನ ನೌಬಾದದ ನಮ್ಮ ಪುಟ್ಟ ಅಡುಗೆಮನೆಯ ತುಂಬ ಬೆಳ್ಳುಳ್ಳಿಯ ವಾಸನೆ. ನನಗೆ ನೆತ್ತಿಗೇರುವ ಸಿಟ್ಟು. ಎದ್ದು ಹೋಗಿ ಡಬ್ಬದ ಮುಖವನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತೇನೆ. ಅವಳು ಕೈಗೆ ಬಂದಂತೆ ಮತ್ತೆ ಈ ಕಡೆ ಮಾಡಿ ಇಡುತ್ತಾಳೆ.

"ಮುಂಜಾನಿ ಎದ್ದು ಡಬ್ಬಿ ಜೋಡಿ ಏನು ಜಗಳರಿ ನಿಮ್ದು? ಚಹಾ ಆರಲತ್ತದ, ಕುಡೀರಿ ಮೊದಲ," ಎನ್ನುತ್ತಾಳೆ.

ಜಗಳ ಡಬ್ಬದೊಡನೆ ಅಲ್ಲ. ಆ ಮುಖವನ್ನು ಹಾಳುಮಾಡಿದ ಸಿನಿಮಾ ಕಂಪನಿಯೊಡನೆ. ಆ ಸಿನಿಮಾದ ಹೆಸರು ಹೇಳುವುದಿಲ್ಲ, ಕ್ಷಮಿಸಿ. ಅವರಿಗೆ ನನ್ನಿಂದ ಪುಕ್ಕಟೆ ಪ್ರಚಾರ ಬೇರೆ ಯಾಕೆ? ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗಿನಲ್ಲಿ ಹೋಗುವ ಜನರ ಕತೆ ಎಂದಷ್ಟೇ ತಿಳಿದುಕೊಳ್ಳಿ. ನಾನು ಸಾಲೆಗೆ ಹೋಗುತ್ತಿದ್ದಾಗ ಮೂರು ಭಾಗ ಬಂದಿದ್ದವು. ಈಗ ಅದೇ ನಟನನ್ನು, ಅವನಿಗೆ ವಯಸ್ಸಾದ ಮೇಲೆ, ಹುಡುಕಿ ತಂದು ನಾಲ್ಕನೆಯದನ್ನು ತೆಗೆದಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವನು, ಕನ್ನಡಕದ ನಂಬರು ವರ್ಷ ವರ್ಷ ಏರುತ್ತಿರುವವನು, ಸ್ಟಾಫ್ ರೂಮಿನಲ್ಲಿ ನಿಂತು ಸಿನಿಮಾದ ಒಂದು ತಗಡಿನ ಗೊಂಬೆಯ ಪರವಾಗಿ ಗಂಟಲು ಹರಿದುಕೊಳ್ಳುವುದು ಚೆಂದ ಕಾಣುವುದಿಲ್ಲ ಎಂದು ನನಗೂ ಗೊತ್ತು. ಆದರೆ ಏನು ಮಾಡುವುದು, ತಡೆಯಲಾಗುವುದಿಲ್ಲ.

ಇದು ತಿಳಿಯಬೇಕಾದರೆ ನೀವು ನನ್ನ ಜೊತೆ ಸ್ವಲ್ಪ ನಮ್ಮೂರು ಔರಾದಿಗೆ ಬರಬೇಕು. ರೈಲಿಲ್ಲದ ಊರು, ಬಸ್ಸು ತಂದದ್ದೇ ಬಂತು. ಆಗ ಯಾರ ಮನೆಯಲ್ಲಾದರೂ ಹೆಸರಿಡುವುದೋ ಲಗ್ನವೋ ಇದ್ದರೆ ಭಾಲ್ಕಿಯಿಂದ ಬಾಡಿಗೆ ಟಿವಿ, ವಿಸಿಆರ್ ಬರುತ್ತಿದ್ದವು. ಬಸ್ಸಿನಲ್ಲಿ ಟಿವಿಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಒಬ್ಬ ಮನುಷ್ಯ ಬರುತ್ತಿದ್ದ. ಎರಡು ಹಿಂದಿ ಸಿನಿಮಾಕ್ಕೆ ಕೊಸರು ಎಂದು ಒಂದು ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದ. ಹಿಂದಿ ನಮಗೆ ಅರ್ಥವಾಗುತ್ತಿತ್ತು. ಮನೆಯಲ್ಲಿ ಕನ್ನಡ, ಮರಾಠಿ, ಓಣಿಯಲ್ಲಿ ದಖನಿ, ಅದರ ನಡುವೆ ಹಿಂದಿಯೇನು ದೊಡ್ಡದು? ಇಂಗ್ಲಿಷಿಗೆ ಮಾತ್ರ ಆ ಮನೆಯಲ್ಲಿ ಓದಿದವರು ಯಾರಿದ್ದಾರೋ ಅವರು ಟಿವಿಯ ಪಕ್ಕ ನಿಂತು ಕತೆ ಹೇಳಬೇಕು. ಅದು ಪದ್ಧತಿ. ಹೇಳದಿದ್ದರೆ, ಓದಿ ಏನು ಮಾಡಿದಿ ಎಂದು ಅಂಗಳದವರೆಲ್ಲ ಕೇಳುತ್ತಿದ್ದರು.

ನಮ್ಮ ಮನೆಯಲ್ಲಿ ಓದಿದವಳು ವಿಮಲತ್ತಿ, ನನ್ನ ಅಪ್ಪನ ತಂಗಿ. ಭಾಲ್ಕಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಮಾಡಿದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರವಿಕೆ ಹೊಲಿಯುವ ಕಟ್ಟಿಗೆಯ ಸ್ಕೇಲು ಕೈಯಲ್ಲಿ ಹಿಡಿದು ನಿಂತಳೆಂದರೆ ಅಂಗಳ ಗಪ್‌ಚಿಪ್. ನಾಯಕ ತೆರೆಯ ಮೇಲೆ ಬಂದ ಕೂಡಲೇ ಅವನ ಮೂಗಿನ ಮೇಲೆ ಸ್ಕೇಲು ಇಟ್ಟು, "ಇವ್ರು ಕ್ಯಾಪ್ಟನ್ ಸಾಬ. ಭಾಳ ಖರೇ ಮನಷ್ಯಾ," ಎಂದಳು. ಮುಗಿಯಿತು. ಅವನ ಇಂಗ್ಲಿಷ್ ಹೆಸರು ಇವತ್ತಿಗೂ ನನ್ನ ಬಾಯಲ್ಲಿ ತಿರುಗುವುದಿಲ್ಲ. ಅವನ ಜೊತೆಗಿದ್ದ ಯಂತ್ರದ ಗೊಂಬೆ ಎಣ್ಣೆಯ ಡಬ್ಬಿಗೆ ಕೈಕಾಲು ಬಂದ ಹಾಗಿತ್ತು; ಅದು ಡಬ್ಬ್ಯಾ ಆಯಿತು. ಕಿರೀಟ ಹಾಕಿದ ಕ್ರೂರ ರಾಣಿಯೊಬ್ಬಳು ಇವರ ಬೆನ್ನು ಹತ್ತಿದ್ದಳು. "ಈಕಿ ಕ್ಯಾಪ್ಟನ್ ಸಾಬರ ಹಿರಿ ಅತ್ತಿಗಿ. ಆಸ್ತಿ ಸಲುವಾಗಿ ಜೀವ ತಿನ್ಲತ್ತಾಳ," ಎಂದಳು ಅತ್ತಿ. ಅಂಗಳದ ಹೆಂಗಸರೆಲ್ಲ ಆ ರಾಣಿಯನ್ನು ಬಾಯಿಗೆ ಬಂದಂತೆ ಬೈದರು. ಹಡಗುಗಳು ಬಂದು ನಿಲ್ಲುವ ದೊಡ್ಡ ಜಾಗ ಕಂಡಾಗ ಅತ್ತಿ ಒಂದೇ ಮಾತಿನಲ್ಲಿ ಹೇಳಿದಳು: "ಇದು ಅವರ ಭಾಲ್ಕಿ ಟೇಸನ್." ಎಲ್ಲರಿಗೂ ಅರ್ಥವಾಯಿತು.

ಭಾಲ್ಕಿ ಸ್ಟೇಷನ್ ನಮ್ಮ ಮನೆಯವರಿಗೆ ಬೇರೆ ಕಾರಣಕ್ಕೂ ಗೊತ್ತಿತ್ತು. ಅತ್ತಿಯ ಗಂಡ, ಹೈದರಾಬಾದಿನಲ್ಲಿ ಮನೆ ಹಿಡಿದು ಕರೆದುಕೊಂಡು ಹೋಗುತ್ತೇನೆಂದು ಅಲ್ಲಿಂದಲೇ ರೈಲು ಹತ್ತಿದ್ದ. ಕಳಿಸಲು ಹೋದವರಲ್ಲಿ ನಾನೂ ಇದ್ದೆ. ಅವನು ಕಿಟಕಿಯಿಂದ ನನಗೆ ಪೆಪ್ಪರ್‌ಮೆಂಟು ಕೊಟ್ಟ. ಮತ್ತೆ ಅವನು ಬರಲಿಲ್ಲ. ಅಲ್ಲಿ ಇನ್ನೊಂದು ಸಂಸಾರ ಮಾಡಿದ್ದಾನೆಂದು ಆಮೇಲೆ ಸುದ್ದಿ ಬಂತು. ಅತ್ತಿ ಅತ್ತದ್ದನ್ನು ನಾನು ನೋಡಲಿಲ್ಲ. ಹೊಲಿಗೆ ಮಷೀನು ತಂದಳು, ಇಡೀ ಔರಾದಿನ ರವಿಕೆಗಳನ್ನು ಹೊಲಿದಳು.

ಎರಡನೆಯ ಭಾಗದ ಕೊನೆಗೆ ಹಡಗು ಮುರಿದು ಕೆಂಪು ಮಣ್ಣಿನ ಒಂದು ಗ್ರಹದಲ್ಲಿ ಬೀಳುತ್ತದೆ. ನಮ್ಮ ಬೀದರಿನ ಮಣ್ಣಿನಂಥದೇ ಕೆಂಪು. ಉಳಿದ ಸಣ್ಣ ದೋಣಿಯಲ್ಲಿ ಒಬ್ಬರಿಗೇ ಜಾಗ. ಕ್ಯಾಪ್ಟನ್ ಸಾಬರು ಡಬ್ಬ್ಯಾನ ತಗಡಿನ ತಲೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಾರೆ. ಅತ್ತಿ ಸ್ಕೇಲು ಕೆಳಗಿಳಿಸಿ, ದನಿ ಸಣ್ಣದು ಮಾಡಿ ಹೇಳಿದಳು: "ನಾ ಬರೋತನಾ ಇಲ್ಲೇ ಕುಂದ್ರು. ನಾ ಬಂದೇ ಬರ್ತೇನಿ." ಮೂರನೆಯ ಭಾಗದ ಕೊನೆಯಲ್ಲಿ ಅವರ ಹಡಗು ಕತ್ತಲೆಯಲ್ಲಿ ಒಂದು ಕೆಂಪು ಚುಕ್ಕಿಯ ಕಡೆಗೆ ತಿರುಗಿತು. "ಹೊಂಟ್ರು ನೋಡ್ರಿ, ಡಬ್ಬ್ಯಾನ್ನ ಕರಕೊಂಡು ಬರ್ಲಿಕ್ಕ!" ಎಂದು ಅತ್ತಿ ಕೂಗಿದಳು. ಪಕ್ಕದ ಮನೆಯ ಕಾಶಿಬಾಯಿ, ಚಿಂತಾಕಿಯಿಂದ ಸೊಸೆಯಾಗಿ ಬಂದವಳು, ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ. ನನಗೆ ಆ ಸಿನಿಮಾ ಎಂದರೆ ಅದು.

ಕೇಬಲ್ಲಿನಲ್ಲಿ ಅವೇ ಮೂರು ಭಾಗ ಹಿಂದಿಯಲ್ಲಿ ಬಂದಾಗ ಕತೆ ಬೇರೆಯಾಗಿ ಕೇಳಿಸಿತು. ರಾಣಿ ಅತ್ತಿಗೆಯಲ್ಲ. ಡಬ್ಬ್ಯಾನ ತಲೆಯ ಮೇಲೆ ಕೈಯಿಟ್ಟು ಕ್ಯಾಪ್ಟನ್ ಸಾಬರು ಬಂದೇ ಬರುತ್ತೇನೆ ಎನ್ನುವುದಿಲ್ಲ, ಬ್ಯಾಟರಿಯ ಬಗ್ಗೆ ಏನೋ ಹೇಳುತ್ತಾರೆ. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ: ಹಿಂದಿ ಮಾಡಿದವರಿಗೆ ಇಂಗ್ಲಿಷ್ ಬರುವುದಿಲ್ಲ, ಅಷ್ಟೇ. ವರ್ಷಗಟ್ಟಲೆ ಹಾಗೇ ನಂಬಿಕೊಂಡು, ಎದುರು ಹೇಳಿದವರ ಮೇಲೆ ಏರಿ ಹೋದೆ. ಗಣಿತ ಹೇಳುವವನ ಬುದ್ಧಿ ಇದು.

ಹೊಸ ಭಾಗ ಬಂದ ಮೊದಲ ದಿನವೇ ಬೀದರಿನ ಟಾಕೀಸಿಗೆ ಗೆಳೆಯ ಮಜೀದನ ಜೊತೆ ಹೋದೆ. ಮೊಬೈಲ್ ಅಂಗಡಿ ಇಟ್ಟಿರುವ ಅವನಿಗೂ ಆ ಸಿನಿಮಾದ ಹುಚ್ಚಿದೆ. ಪಾಪ್‌ಕಾರ್ನಿನ ಆ ಡಬ್ಬ ಅವನೇ ಕೊಡಿಸಿದ್ದು. ನಾವು ಇಷ್ಟು ವರ್ಷ ಕಾದದ್ದು ಏನಕ್ಕೆ, ಹೇಳಿ? ಕ್ಯಾಪ್ಟನ್ ಸಾಬರೂ ಡಬ್ಬ್ಯಾನೂ ಒಮ್ಮೆ ಎದುರಾಬದುರಾ ನಿಲ್ಲಲಿ ಎಂದು. ಆ ಪುಣ್ಯಾತ್ಮರು ಏನು ಮಾಡಿದ್ದಾರೆ? ಕ್ಯಾಪ್ಟನ್ ಸಾಬರನ್ನು ಒಂದು ಬಂಡೆಯ ಮೇಲೆ ಕೂಡಿಸಿ ಕುಡುಕನನ್ನಾಗಿ ಮಾಡಿದ್ದಾರೆ. ಹೊಸ ನಾಯಕಿ ಹುಡುಕಿಕೊಂಡು ಬಂದು ಡಬ್ಬ್ಯಾನ ವಿಷಯ ಕೇಳಿದರೆ ಅವರು ಕ್ಯಾಕರಿಸಿ ಉಗುಳಿ, "ಲೋಹಾ ಥಾ, ಛೋಡ್ ದಿಯಾ. ಲೌಟ್ನೇ ಕಾ ಇರಾದಾ ಕಭೀ ಥಾ ಹೀ ನಹೀಂ," ಎನ್ನುತ್ತಾರೆ. ಕಬ್ಬಿಣ, ಬಿಟ್ಟುಬಂದೆ, ಹಿಂತಿರುಗುವ ಮನಸ್ಸು ಎಂದೂ ಇರಲಿಲ್ಲ! ಇಂಟರ್‌ವಲ್ಲಿಗೆ ಮೊದಲೇ ಅವರ ಕಾಲು ಜಾರಿಸಿ ಬಂಡೆಯಿಂದ ಬೀಳಿಸಿ ಕೈತೊಳೆದುಕೊಂಡರು. ಉಳಿದರ್ಧ ಪೂರ್ತಿ ಹೊಸ ಹುಡುಗರ ಕುಣಿತ. ಸಾಯಿಸಲೇಬೇಕಿದ್ದರೆ ಸಾಯಿಸಿ, ಬೇಡ ಎನ್ನುವುದಿಲ್ಲ. ಅವನು ಯಾರಾಗಿದ್ದನೋ ಅವನಾಗಿ ಸಾಯಲಿಕ್ಕಾದರೂ ಬಿಡಬೇಡವೇ?

ಹೊರಗೆ ಬಂದು ಕೂಗಾಡಿದೆ. ಮಜೀದ ಶಾಂತವಾಗಿ, "ಅರೇ ಮಾಷ್ಟರ್, ಪೈಲೇಸೇ ಐಸಾಚ್ ಹೈ ವೋ," ಎಂದ. "ಮೊದಲಿಂದ ಹಂಗೇ ಅಂವ. ಹಳೀದ್ರಾಗೂ ಬಿಟ್ಟೇ ಹೋಗ್ಯಾನರಿ. ಆ ಕೆಂಪ ಚುಕ್ಕಿ ಬ್ಯಾರೇನೇ ಊರು. ನೀವು ಯಾವ ಸಿನಿಮಾ ನೋಡೀರಿ?"

ಒಂದು ವಾರ ಅವನೊಡನೆ ಮಾತು ಬಿಟ್ಟೆ.

ಆಗಲೇ ಔರಾದಿನಿಂದ ಅತ್ತಿಯ ಫೋನು ಬಂತು. "ಕ್ಯಾಪ್ಟನ್ ಸಾಬ ಬಂದಾರಂತಲ್ಲೋ ತಮ್ಮಾ! ಐತವಾರ ನಾನು, ಕಾಶಿಬಾಯಿ ಬರ್ತೇವಿ." ಇಂಗ್ಲಿಷಾಗಿದ್ದರೆ ಹೇಗೋ ಆಗುತ್ತಿತ್ತು. ಈಗ ಆ ಮಾತು ಸ್ಪಷ್ಟ ಹಿಂದಿಯಲ್ಲಿ ಬರುತ್ತದೆ. ಬರುವ ಮನಸ್ಸು ಎಂದೂ ಇರಲಿಲ್ಲ ಎಂಬುದನ್ನು ಒಂದು ಸಲ ಬಾಳಿನಲ್ಲಿ ಕೇಳಿದವಳು, ಮತ್ತೆ ಟಾಕೀಸಿನಲ್ಲಿ ಕೂತು, ಕ್ಯಾಪ್ಟನ್ ಸಾಬರ ಬಾಯಿಂದಲೇ ಕೇಳಬೇಕೇ?

"ಬ್ಯಾಡ ಅತ್ತಿ. ಭಾಳ ಕೆಟ್ಟ ಮಾಡ್ಯಾರ. ಬಿಸಲು ಬ್ಯಾರೆ."

"ಬಿಸಲು ನಿನಗ. ನಾವು ಔರಾದದವ್ರು," ಎಂದು ಫೋನಿಟ್ಟಳು.

ಭಾನುವಾರ ಮಧ್ಯಾಹ್ನ ಬಂದೇಬಿಟ್ಟರು. ಕಾಶಿಬಾಯಿಗೆ ಈಗ ಕಿವಿ ಕೇಳಿಸುವುದಿಲ್ಲ, ಕಿವಿಗೇ ಬಾಯಿಟ್ಟು ಹೇಳಬೇಕು. ಅತ್ತಿ ನಡುವೆ ಕೂತಳು, ಆ ಕಡೆ ಕಾಶಿಬಾಯಿ, ಈ ಕಡೆ ನಾನು. ಸಿನಿಮಾ ಶುರುವಾದ ಕೂಡಲೇ ಅತ್ತಿ ಹಳೆಯ ದನಿಯಲ್ಲಿ ಹೇಳತೊಡಗಿದಳು. ಮುಂದಿನ ಸಾಲಿನ ಒಬ್ಬ ತಿರುಗಿ, "ಅಮ್ಮಾರ, ಜರಾ ಸುಮ್ಮ ಕೂಡ್ರಿ," ಎಂದ. "ನಿನಗ ಕೇಳಸ್ತದ, ಈಕಿಗಿ ಕೇಳಸಂಗಿಲ್ಲ. ಈಕೀನೂ ಟಿಕೀಟ ತಗದಾಳಪ್ಪ," ಎಂದಳು ಅತ್ತಿ. ಅವನು ತೆಪ್ಪಗಾದ.

ಕ್ಯಾಪ್ಟನ್ ಸಾಬರ ಮುಖ ಬಂತು. "ಅಯ್ಯ, ಎಷ್ಟು ಸೊರಗ್ಯಾನವ್ವ!" ಎಂದು ಕಾಶಿಬಾಯಿ ಲೊಚಗುಟ್ಟಿದಳು. "ನಾವು ಸೊರಗಿಲ್ಲೇನು?" ಎಂದಳು ಅತ್ತಿ. ನಾನು ತೆರೆ ಬಿಟ್ಟು ಅತ್ತಿಯನ್ನೇ ನೋಡುತ್ತಿದ್ದೆ. ನಾಯಕಿ ಡಬ್ಬ್ಯಾನ ವಿಷಯ ಕೇಳಿದಳು, ಅತ್ತಿ ಅದನ್ನು ಕಾಶಿಬಾಯಿಗೆ ಹೇಳಿದಳು. ಲೋಹಾ ಥಾ, ಛೋಡ್ ದಿಯಾ. ಲೌಟ್ನೇ ಕಾ ಇರಾದಾ ಕಭೀ ಥಾ ಹೀ ನಹೀಂ. ಅತ್ತಿ ಹೇಳುವುದನ್ನು ನಿಲ್ಲಿಸಿದಳು. ಎಲ್ಲಿಯಾದರೂ ಕರೆಂಟಾದರೂ ಹೋಗಬಾರದೇ ಎಂದುಕೊಂಡೆ.

ಕಾಶಿಬಾಯಿ ಮೊಣಕೈಯಿಂದ ತಿವಿದಳು. "ಏನಂದ? ಡಬ್ಬ್ಯಾಂದು ಏನೋ ಅಂದ್ನಲ್ಲ, ಏನಂದ?"

ಅತ್ತಿ ಕಾಶಿಬಾಯಿಯ ಕಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದಳು: "ಹೋಗಿದ್ನಂತ. ಕೆಂಪ ಮಣ್ಣಿನ ಊರಿಗಿ ಹೋಗಿದ್ನಂತ ಕಾಶಿಬಾಯಿ. ಇವ ಹೋಗೂದ್ರಾಗ ಡಬ್ಬ್ಯಾ ತೀರಕೊಂಡಿದ್ನಂತ. ಅದಕ್ಕೇ ಹಿಂಗ ಕುಡಿಲತ್ತಾನ. ಅದಕ್ಕೇ ಯಾರಿಗೂ ಮಾರಿ ತೋರಸಲ್ಲ."

ಬಂಡೆಯಿಂದ ಬಿದ್ದಾಗಲೂ ಅಷ್ಟೇ. "ಜಾರಿಲ್ಲ. ತಾನಾಗೇ ಡಬ್ಬ್ಯಾನ ಹತ್ರ ಹೋದ," ಎಂದಳು. ಕಾಶಿಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುಂದಿನ ಸಾಲಿನವನು ತಿರುಗಲಿಲ್ಲ, ಅವನೂ ಕೇಳುತ್ತಿದ್ದನೇನೋ. ನಾನು ಉಗಿದು ಉಪ್ಪು ಹಾಕಿದ್ದ ಅದೇ ಸೀನಿಗೆ, ಹೇಳಲು ನಾಚಿಕೆ ಯಾಕೆ, ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ಕಾಶಿಬಾಯಿ ಕಿಟಕಿಯ ಸೀಟು ಹಿಡಿದು ಕೂತಳು. "ಹೋಗಿದ್ದನಲ್ಲವ್ವ ಅಂವ, ಅಷ್ಟ ಸಾಕು," ಎಂದು ತನ್ನಷ್ಟಕ್ಕೆ ಎರಡು ಮೂರು ಸಲ ಹೇಳಿಕೊಂಡಳು. ಅತ್ತಿ ಕೆಳಗೆ ನನ್ನ ಜೊತೆ ಚಹಾ ಕುಡಿಯುತ್ತಿದ್ದಳು.

"ಅತ್ತಿ, ಹಳೀದ್ರಾಗೂ ಅಂವ ಬಂದಿಲ್ಲ ಅಂತಾನ ಮಜೀದ. ಖರೇ ಏನು?"

"ನನಗೇನು ಗೊತ್ತೋ! ನನಗ ಇಂಗ್ಲಿಷ್ ಎಲ್ಲಿ ಬರ್ತಿತ್ತು? ಗುಡುಗುಡು ಮಾತಾಡ್ತಿದ್ರು. ಮಾರಿ ನೋಡಿ ಹೇಳ್ತಿದ್ದೆ. ಅವಂದು ಹೊಳ್ಳಿ ಬರೋ ಮಾರಿ ಇತ್ತು, ಬರ್ತಾನ ಅಂದೆ." ಕಪ್ಪು ಕೆಳಗಿಟ್ಟಳು. "ಇವತ್ತೂ ಅದೇ ಮಾರಿ ಅದ ನೋಡು. ಮಾತು ಯಾರೋ ಬ್ಯಾರೇದವ್ರು ಬರದಾರ. ಹೊಟ್ಟಿ ಉರೀತು ನನಗ."

"ಅದಕ್ಕೇ ಬ್ಯಾಡ ಅಂದಿದ್ದೆ."

"ಗೊತ್ತಾತು ಬಿಡು." ಬಸ್ಸಿನ ಕಿಟಕಿಯ ಕಡೆ ನೋಡಿದಳು. "ಬರಾಂವ ಅಲ್ಲ ಅಂತ ಬರೀಲಿಕ್ಕ ಎಷ್ಟೊತ್ತು ಹತ್ತತದ ತಮ್ಮಾ? ಅದನ್ನ ಕೇಳಕೊಂಡು ಮನಿಗಿ ಹೋಗಾಕಿದು ಏನಾಗ್ತದ, ಬರಿಯೋರಿಗಿ ಗೊತ್ತಿಲ್ಲ. ನನಗ ಗೊತ್ತದ. ಆಕಿಗಿ ಹ್ಯಾಂಗ ಹೇಳ್ಲಿ?"

ಅವಳು ಗಂಡನ ವಿಷಯ ಎತ್ತಿದ್ದು ನನ್ನ ತಿಳಿವಳಿಕೆಯಲ್ಲಿ ಅದೊಂದೇ ಸಲ. ಬಸ್ಸು ಹಾರ್ನ್ ಹೊಡೆಯಿತು, ಹತ್ತಿದಳು.

ನನ್ನ ಸಿಟ್ಟು ಇಳಿಯಿತೆಂದು ಮಾತ್ರ ತಿಳಿಯಬೇಡಿ. ನಮ್ಮಂಥವರು ಒಬ್ಬ ಮನುಷ್ಯನನ್ನು ನಂಬಿ ಅಷ್ಟು ವರ್ಷ ಜೋಪಾನ ಮಾಡಿರುತ್ತೇವೆ. ಅವನನ್ನು ಕೈಗೆತ್ತಿಕೊಳ್ಳುವವರಿಗೆ ಅಷ್ಟಾದರೂ ಅಂಜಿಕೆ ಬೇಡವೇ? ಈಗ ಸಾಲದ್ದಕ್ಕೆ ಐದನೆಯ ಭಾಗವಂತೆ. ಸತ್ತ ಕ್ಯಾಪ್ಟನ್ ಸಾಬರನ್ನು ಯಾರದೋ ಕನಸಿನಲ್ಲಿ ತರುತ್ತಾರಂತೆ. ಮಜೀದ ನಿನ್ನೆ ಹೇಳಿದ. ಮಾತು ಬಿಟ್ಟದ್ದನ್ನು ಇಬ್ಬರೂ ಮರೆತಿದ್ದೇವೆ. ಹಲ್ಲು ಕಡಿಯುತ್ತ ಇವತ್ತು ಬೆಳಿಗ್ಗೆ ಅತ್ತಿಗೆ ಫೋನು ಮಾಡಿದೆ.

"ಮತ್ತ ಕೆಡಸ್ತಾರ ಅತ್ತಿ."

ಹಿಂದೆ ಹೊಲಿಗೆ ಮಷೀನಿನ ಸದ್ದು ನಿಂತಿತು. "ಕೆಡಸ್ಲಿ ಬಿಡು. ಹೇಳ್ಲಿಕ್ಕ ನಾ ಇದ್ದೇನಲ್ಲ," ಎಂದಳು. ಮತ್ತೆ ಮಷೀನು ಶುರುವಾಯಿತು.

ಫೋನಿಟ್ಟಾಗ ಅಡುಗೆಮನೆಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಎದ್ದು ಹೋದೆ. ಹೆಂಡತಿ ಇವತ್ತು ಅವಸರದಲ್ಲಿ ಡಬ್ಬದ ಮುಖವನ್ನು ತಾನೇ ಗೋಡೆಯ ಕಡೆ ಮಾಡಿ ಇಟ್ಟಿದ್ದಳು. ಅದನ್ನು ಈ ಕಡೆ ತಿರುಗಿಸಿಟ್ಟೆ.