ಖಾಲಿ ಪುಟದ ಮೇಲೆ 'ಚೆನ್ನಾಗಿದೆ'

ಪುಣೆಗೆ ಬಂದ ಎರಡನೇ ತಿಂಗಳಲ್ಲಿ, ನಾನು ಇಲ್ಲಿ ಇಲ್ಲವೆಂಬುದು ಗೊತ್ತಾಯಿತು. ಚಿತ್ರದುರ್ಗದಿಂದ ಗೆಳತಿ ಶಕುಂತಲ ಕಳಿಸಿದ ಪುಸ್ತಕದ ಕಟ್ಟು ನಮ್ಮ ವಸತಿ ಸಮುಚ್ಚಯದ ಗೇಟಿನವರೆಗೆ ಬಂದು, 'ಈ ಹೆಸರಿನವರು ಇಲ್ಲ' ಎಂಬ ಷರಾ ಹೊತ್ತು ವಾಪಸ್ ಹೋಗಿತ್ತು. ಆ ಹೊತ್ತಿಗೆ ನಾನು ಮೂರನೇ ಮಹಡಿಯಲ್ಲಿ ಹೆಸರುಬೇಳೆ ನೆನೆಹಾಕುತ್ತಿದ್ದೆ.

ಶಕ್ಕು ಬರೆದದ್ದು 'ಎಚ್. ಎಸ್. ವನಜ'. ಗೇಟಿನ ಬೋರ್ಡಿನಲ್ಲಿದ್ದದ್ದು 'ವನಜಾ ಹೊಳಲ್ಕೆರೆ'. ಇಲ್ಲಿ ಮನುಷ್ಯರಿಗೆ 'ಆಡನಾವ' ಇರಬೇಕು, ಅಂದರೆ ಮನೆತನದ ಹೆಸರು. ಬಾಡಿಗೆ ಕರಾರಿನ ದಿನ ಸೊಸೈಟಿಯ ಕಾರ್ಯದರ್ಶಿ ಕೇಳಿದಾಗ, ಇಲ್ಲ ಎಂದೆ. ಕೈಗೆ ನಾಲ್ಕೇ ಬೆರಳಿರುವವಳನ್ನು ನೋಡುವಂತೆ ನನ್ನನ್ನು ನೋಡಿದರು. ಗಾಬರಿಯಲ್ಲಿ, ಎಚ್ ಅಂದರೆ ಹೊಳಲ್ಕೆರೆ, ನಮ್ಮಪ್ಪನ ಊರು ಎಂದುಬಿಟ್ಟೆ. ಅವರಿಗೆ ಸಮಾಧಾನವಾಯಿತು. ಆ ಊರಿನಲ್ಲಿ ನಾನು ಒಟ್ಟು ಕಳೆದದ್ದು ಎರಡು ಬೇಸಿಗೆ ರಜೆ.

ಯಜಮಾನರ ಕಾರ್ಖಾನೆಯವರು ಅವರನ್ನು ಇಲ್ಲಿಗೆ ವರ್ಗ ಮಾಡಿದಾಗ ನನಗೆ ನಲವತ್ತೇಳು. ಆ ವಯಸ್ಸಿನಲ್ಲಿ ಹೊಸ ಊರು ಕಲಿಯುವುದೆಂದರೆ ಹೊಸ ಚಪ್ಪಲಿ ಹಾಕಿಕೊಂಡು ಮದುವೆಮನೆಯಲ್ಲಿ ಓಡಾಡಿದ ಹಾಗೆ. ಎಲ್ಲಿ ಕಚ್ಚುತ್ತಿದೆ ಎಂದು ಯಾರಿಗೂ ಹೇಳುವಂತಿಲ್ಲ. ದುರ್ಗದಲ್ಲಿ ಅಂಗಡಿಯವನು ಊಟಕ್ಕೆ ಹೋದರೆ ಮಗಳನ್ನು ಕೂರಿಸಿ ಹೋಗುತ್ತಾನೆ. ಇಲ್ಲಿ ಕೆಲವು ಹಳೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತವೆ. ಅದಕ್ಕೆ 'ವಾಮಕುಕ್ಷಿ' ಎಂಬ ಗಂಭೀರವಾದ ಹೆಸರು. ಎಡಮಗ್ಗುಲಾಗಿ ಮಲಗುವ ಸಣ್ಣ ನಿದ್ದೆ ಅಷ್ಟೇ. ಎರಡು ಗಂಟೆಗೆ ಸಾಸಿವೆ ಬೇಕೆಂದು ಹೋದರೆ ನನ್ನನ್ನು ಕಳ್ಳಿಯಂತೆ ನೋಡುತ್ತಾರೆ. ಅವಲಕ್ಕಿ ಇಲ್ಲಿ ಪೋಹೆ, ಚೆನ್ನಾಗಿಯೇ ಇರುತ್ತದೆ. ಹತ್ತಿರದ ಉಡುಪಿ ಹೋಟೆಲಿನ ಯಜಮಾನರೊಡನೆ ಕನ್ನಡ ಮಾತಾಡಬಹುದೆಂದು ವಾರಕ್ಕೆರಡು ಸಲ ದೋಸೆ ತಿಂದೆ. ಅವರು ನಲವತ್ತು ವರ್ಷದಿಂದ ಇಲ್ಲಿದ್ದಾರೆ. ನನ್ನ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಟ್ಟು, ಕನ್ನಡದಲ್ಲಿ ನಗುತ್ತಿದ್ದರು.

ಓದುವ ಬಳಗ ಶುರುವಾದದ್ದು ನನ್ನ ಈ ಗೋಳಿನಿಂದ. ಶಕ್ಕು, ವಿಜಯಪುರದ ಗಿರಿಜಾ, ನಾನು ದಾವಣಗೆರೆಯ ಹಾಸ್ಟೆಲಿನಲ್ಲಿ ಬಿ.ಎಡ್. ಓದುವಾಗ ಒಂದೇ ಕೋಣೆಯವರು. ಶಕ್ಕು ಮದುವೆಯಾಗಲಿಲ್ಲ, ಈಗಲೂ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ.

"ಅಲ್ಲಿ ಒಬ್ಬಳೇ ಕೂತು ಚಿಂತೆ ಮಾಡ್ತೀಯ. ಅದರ ಬದಲು ಓದು ಮಾರಾಯ್ತಿ" ಎಂದು ಫೋನಿನಲ್ಲಿ ಶಕ್ಕು ನಿಯಮ ಮಾಡಿದಳು. ಒಂದೇ ಪ್ರತಿ. ಮೊದಲು ಅವಳು ಓದಿ, ಪೆನ್ಸಿಲಿನಲ್ಲಿ ಗೀಟು ಹಾಕಿ, ಅಂಚಿನಲ್ಲಿ ಅನಿಸಿದ್ದು ಬರೆದು ನನಗೆ ಕಳಿಸಬೇಕು. ನಾನು ಓದಿ ಗಿರಿಜಾಗೆ. ಪುಸ್ತಕ ಸುತ್ತು ಮುಗಿಸಿದ ಮೇಲೆ ಭಾನುವಾರ ಮೂವರೂ ಫೋನಿನಲ್ಲಿ ಸೇರಬೇಕು.

"ಮೂರು ಪ್ರತಿ ತಗೊಂಡ್ರ ಏನ್ ಆಸ್ತಿ ಹೋಗ್ತದ?" ಎಂದಳು ಗಿರಿಜಾ.

"ಒಬ್ಬರ ಗೀಟಿನ ಮೇಲೆ ಇನ್ನೊಬ್ಬರು ಜಗಳ ಆಡಬೇಕು ಕಣೇ. ಬೇರೆ ಬೇರೆ ಪುಸ್ತಕದಲ್ಲಿ ಹೆಂಗೆ ಆಡ್ತೀಯ?"

ವಾಪಸಾದ ಕಟ್ಟನ್ನು ಶಕ್ಕು ಮತ್ತೆ ಕಳಿಸಿದಳು. ಆದರೆ ಆಡನಾವಕ್ಕೆ ಸೋಲಲಿಲ್ಲ. ಮುಂದೆ ಇಂಗ್ಲಿಷಿನಲ್ಲಿ 'ಎಚ್. ಎಸ್. ವನಜ, ಉರುಫ್ ಹೊಳಲ್ಕೆರೆ' ಎಂದು, ಪೊಲೀಸರು ಹುಡುಕುತ್ತಿರುವವರ ಹೆಸರಿನಂತೆ ಬರೆದಿದ್ದಳು. ಹಿಂದೆ ಇಡೀ ವಿಳಾಸ ಅವಳ ದುಂಡನೆಯ ಕನ್ನಡದಲ್ಲಿ. ಅದನ್ನು ಓದಬಲ್ಲವರು ದಾರಿಯಲ್ಲಿ ಯಾರೂ ಇರಲಿಲ್ಲ. ಗೇಟಿನ ಕಾವಲಿನವರು, ನಾವೆಲ್ಲ ಕಾಕಾ ಎನ್ನುವ ಹಿರಿಯರು, ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ತುಮಚೀ ಜಿಲೇಬೀ ಆಲೀ!" ಎಂದರು. ನಿಮ್ಮ ಜಿಲೇಬಿ ಬಂತು. ಅಂದಿನಿಂದ ಪುಸ್ತಕ ಬಂದಾಗಲೆಲ್ಲ ಅದೇ ಮಾತು. ಅಷ್ಟು ದೊಡ್ಡ ಸಮುಚ್ಚಯದಲ್ಲಿ ಯಾವ ಕಟ್ಟು ಯಾರದೆಂದು ಹೆಸರು ಓದದೆ ಹೇಳಬಹುದಾದವಳು ನಾನೊಬ್ಬಳೇ. ಅದು ಈ ಊರಿನಲ್ಲಿ ನನ್ನ ಮೊದಲ ಗೆಲುವು.

ಮೂರು ವರ್ಷ ಹೀಗೆ ಸುತ್ತಿದೆವು. ಒಮ್ಮೆ ಗಿರಿಜಾಳ ನಾದಿನಿ ಜೇಜುರಿಗೆ ಖಂಡೋಬನ ದರ್ಶನಕ್ಕೆ ಬಂದಾಗ ಪುಸ್ತಕವನ್ನು ಅವರ ಕೈಯಲ್ಲೇ ಕಳಿಸಿದೆ. ಅವರು ಅದನ್ನು ಚೀಲದಲ್ಲಿಟ್ಟುಕೊಂಡೇ ಬೆಟ್ಟ ಹತ್ತಿದರು. ಆ ಪುಸ್ತಕದ ಪುಟ ತಿರುವಿದರೆ ಇಂದಿಗೂ ಭಂಡಾರದ ಅರಿಶಿನ ಉದುರುತ್ತದೆ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಚಿಂತೆ ನನ್ನ ಉದ್ಯೋಗ. ಗ್ಯಾಸ್ ಆರಿಸಿದೆನೇ ಎಂದು ಲಿಫ್ಟಿನಿಂದ ಮರಳಿದವಳು, ಲಿಫ್ಟ್ ನಿಂತರೆ ಎಂದು ಮೆಟ್ಟಿಲು ಹತ್ತಿದವಳು. ಮಗ ಲೋಣಾವಳಾಕ್ಕೆ ಗೆಳೆಯರ ಜೊತೆ ಮಳೆ ನೋಡಲು ಹೋದರೆ ಮನೆಯಲ್ಲಿ ಕೂತು ನೆನೆಯುವವಳು. ಇಷ್ಟು ಅನುಭವವಿದ್ದವಳು ಚಿಂತೆ ಮಾಡಬೇಕಾದ ಒಂದೇ ಒಂದು ಸಂಗತಿಗೆ ಚಿಂತೆ ಮಾಡಲಿಲ್ಲ.

ಹೋದ ವರ್ಷದ ಮಳೆಗಾಲದ ಪುಸ್ತಕದಲ್ಲಿ ಶಕ್ಕುವಿನ ಗೀಟುಗಳು ಸಾಲಿನ ಕೆಳಗಿರಲಿಲ್ಲ, ಸಾಲಿನ ಮೇಲೆಯೇ ಹಾದಿದ್ದವು, ಇಷ್ಟವಾದ ಮಾತನ್ನೇ ಹೊಡೆದುಹಾಕಿದಂತೆ. ಶಾಲೆಯ ಬಸ್ಸಿನಲ್ಲಿ ಓದುತ್ತಾಳೆ, ರಸ್ತೆ ಕೆಟ್ಟಿದೆ ಎಂದುಕೊಂಡೆ. ರಸ್ತೆಯ ಬಗ್ಗೆ ಚಿಂತೆಯನ್ನೂ ಮಾಡಿದೆ. ಅದರ ಮುಂದಿನ ಪುಸ್ತಕದಲ್ಲಿ ಅಕ್ಷರಗಳು ದಪ್ಪಗಾಗಿದ್ದವು. ಪೆನ್ಸಿಲ್ ಬದಲಿಸಿದ್ದಾಳೆ ಎಂದುಕೊಂಡೆ.

ಈ ಬೇಸಿಗೆಯಲ್ಲಿ ಒಂದು ದಪ್ಪ ಕಾದಂಬರಿ ಬಂತು. ಮೊದಲ ಅಧ್ಯಾಯದಲ್ಲಿ ಎಂದಿನಂತೆ ಗೀಟು, ತಕರಾರು. ಆಮೇಲೆ ಹತ್ತು ಪುಟಕ್ಕೊಂದು ಸರಿ ಗುರುತು, ಅಷ್ಟೇ. ಹತ್ತು, ಇಪ್ಪತ್ತು, ಮೂವತ್ತು. ಮಕ್ಕಳ ನೋಟ್‌ಬುಕ್ಕನ್ನು ಅವಸರದಲ್ಲಿ ತಿದ್ದಿದ ಹಾಗೆ. ನಡುವೆ ಒಂದು ಅಧ್ಯಾಯ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಒಂದು ಪುಟ ಪೂರ್ತಿ ಖಾಲಿ. ಒಂದು ಅಕ್ಷರವೂ ಇಲ್ಲ. ಅದರ ಅಂಚಿನಲ್ಲಿ ಶಕ್ಕು ದೊಡ್ಡದಾಗಿ ಬರೆದಿದ್ದಳು: 'ಚೆನ್ನಾಗಿದೆ.'

ಬಹಳ ಹೊತ್ತು ಆ ಪುಟವನ್ನು ನೋಡುತ್ತ ಕೂತೆ. ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಏನೆಂದು ಕೇಳುವುದು? ಕೊನೆಗೆ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ 'ಹೌದು' ಎಂದು ಬರೆದು, ಪುಸ್ತಕವನ್ನು ವಿಜಯಪುರಕ್ಕೆ ಕಳಿಸಿದೆ.

ಆರನೇ ದಿನ ಗಿರಿಜಾ ಫೋನ್ ಮಾಡಿದಳು.

"ಏ ವನಜಾ, ನಿಮ್ಮಿಬ್ರಿಗೂ ಏನಾಗ್ಯದ? ಖಾಲಿ ಹಾಳಿ ನೋಡಿ ಒಬ್ಬಾಕಿ ಚೆನ್ನಾಗಿದೆ ಅಂತಾಳ, ಇನ್ನೊಬ್ಬಾಕಿ ಹೌದು ಅಂತಾಳ!"

ನಾನು ನಗಲು ಹೋಗಿ ಅತ್ತೆ. ಗೀಟಿನ ಸಂಗತಿಯನ್ನೆಲ್ಲ ಹೇಳಿದೆ.

"ಕಣ್ಣು ಕಾಣಂಗಿಲ್ಲ ಆಕಿಗೆ" ಎಂದಳು ಗಿರಿಜಾ, ಮೆಲ್ಲಗೆ. "ನಾನೂ ನೋಡೀನಿ, ನಂಗೂ ತಿಳೀಲಿಲ್ಲ ನೋಡು. ನೇರ ಕೇಳಿಬಿಡು."

"ನೀನೇ ಕೇಳೇ."

"ನಂದು ಬಾಯಿ ಭಾಳ ಒರಟು. ಆಕಿ ಸಿಟ್ಟಾಗಿ ಬಳಗಾನೇ ಬಿಟ್ಟಳಂದ್ರ? ನೀ ಕೇಳು."

ಹೀಗೆ ಇಬ್ಬರೂ ಹೆದರಿದೆವು. ಇಲ್ಲಿಂದ ದುರ್ಗಕ್ಕೆ ಬಸ್ಸಿನಲ್ಲಿ ಒಂದು ರಾತ್ರಿಯ ದಾರಿ. ಅಲ್ಲಿದ್ದಿದ್ದರೆ ಮನೆಗೆ ನುಗ್ಗಿ, ಗದರಿಸಿ, ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ದೂರವಿರುವವರಿಗೆ ಇದೊಂದು ಅನುಕೂಲ: ಹತ್ತಿರವಿದ್ದಿದ್ದರೆ ಎಷ್ಟು ಧೈರ್ಯ ತೋರುತ್ತಿದ್ದೆವು ಎಂಬುದಕ್ಕೆ ಲೆಕ್ಕವೇ ಇಲ್ಲ.

ಕೇಳುವ ಬದಲು ಸುಳ್ಳು ಹೇಳಿದೆ. "ಶಕ್ಕು, ಇಲ್ಲಿ ನನ್ನ ಕನ್ನಡ ತುಕ್ಕು ಹಿಡೀತಿದೆ ಕಣೇ. ದಿನಾ ಒಂದು ಅಧ್ಯಾಯ ಗಟ್ಟಿಯಾಗಿ ಓದಿ ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀನಿ. ನೀನು ಕೇಳಿ ತಪ್ಪು ತಿದ್ದು."

ಯಾವ ಪುಸ್ತಕ ಎಂದು ಕೇಳಿದಳು, ಊರಿಂದ ತಂದ ಹಳೆಯ ಕಾದಂಬರಿ ಎಂದೆ. "ಸರಿ, ಓದು" ಎಂದಳು.

ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಬಾಲ್ಕನಿಯಲ್ಲಿ ಕೂತು ಓದತೊಡಗಿದೆ. ಕೆಳಗೆ ಹೊಸ ಕಟ್ಟಡದ ಕೆಲಸ. ಅಲ್ಲಿ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಹೆಂಗಸರು ತಲೆಯೆತ್ತಿ ನೋಡುತ್ತಿದ್ದರು. ಒಂದು ದಿನ ಗೇಟಿನ ಬಳಿ ಒಬ್ಬಾಕೆ, "ಅಕ್ಕಾರ, ದಿನಾ ಯಾರಿಗಿ ಕಥಿ ಹೇಳ್ತೀರಿ? ಮನ್ಯಾಗ ಸಣ್ಣ ಕೂಸು ಅದ ಏನ್ರಿ?" ಎಂದು ಕೇಳಿದಳು. ಹೌದು ಎಂದೆ. ಹೌದು ಎನ್ನುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಶಕ್ಕು ನಿಜಕ್ಕೂ ತಿದ್ದಿದಳು. "ಓದು ಮುಗಿಸಿ ಎರಡು ಮಾತು ಆಡ್ತೀಯಲ್ಲ, ಅದರಲ್ಲಿ ಮಾತು ಮಾತಿಗೂ ಕೊನೇಲಿ 'ನಾ' ಅಂತೀಯಲ್ಲೇ. ಮರಾಠಿಯವರ ಥರ ಬಾಲ ಎಳೀತೀಯ." ನಾನು ನನ್ನ ಧ್ವನಿಯನ್ನೇ ಮತ್ತೆ ಹಾಕಿ ಕೇಳಿದೆ. ಇಡೀ ವಾಕ್ಯ ಊರಿನದು, ತುದಿಯಲ್ಲೊಂದು ಪುಣೆ. ನೆಪಕ್ಕೆ ಹೇಳಿದ ಸುಳ್ಳು ನನಗೆ ಗೊತ್ತಿಲ್ಲದೆಯೇ ನಿಜವಾಗಿತ್ತು.

ಹನ್ನೊಂದನೇ ಅಧ್ಯಾಯದ ಮರುದಿನ ಅವಳೇ ಫೋನ್ ಮಾಡಿದಳು.

"ಖಾಲಿ ಪುಟಕ್ಕೆ ಹೌದು ಅಂತ ಬರೆದಿದ್ದೀಯಂತೆ."

"ಗಿರಿಜಾ ಹೇಳಿದ್ಲಾ?"

"ನಾನೇ ಬಾಯಿ ಬಿಡಿಸಿದೆ. ಸುಳ್ಳು ಹೇಳೋಕೆ ನಿಂಗೆ ಹಾಸ್ಟೆಲಲ್ಲೂ ಬರ್ತಿರಲಿಲ್ಲ." ಇಬ್ಬರೂ ನಕ್ಕೆವು, ಸ್ವಲ್ಪ ಜಾಸ್ತಿಯೇ. ಆಮೇಲೆ ಹೇಳಿದಳು: "ಹೋದ ತಿಂಗಳು ತೋರಿಸ್ಕೊಂಡು ಬಂದೆ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಸೊರಗಿದೆಯಂತೆ. ಹೋಗಿರೋದು ಬರಲ್ಲ, ಉಳಿದಿರೋದಕ್ಕೆ ಡ್ರಾಪ್ಸ್ ಹಾಕ್ಕೊಳ್ಳಿ ಅಂದ್ರು. ಒಂದು ವರ್ಷ ಮುಂಚೆ ಬಂದಿದ್ರೆ ತಡೀಬಹುದಿತ್ತು ಅಂದ್ರು."

ಓದಲೆಂದು ತೆರೆದಿಟ್ಟಿದ್ದ ಪುಸ್ತಕವನ್ನು ಮುಚ್ಚಿಟ್ಟೆ.

"ನಿಂಗೆ ಯಾವಾಗ ಅನುಮಾನ ಬಂತು?"

ಇಲ್ಲಿ ಸುಳ್ಳು ಹೇಳಬಹುದಿತ್ತು. "ಹೋದ ಮಳೆಗಾಲದಲ್ಲಿ. ಗೀಟು ಅಕ್ಷರದ ಮೇಲೆ ಬಂದಿತ್ತು. ಬಸ್ಸು ಕುಲುಕಿರಬೇಕು ಅಂದ್ಕೊಂಡೆ."

"ನಾನು ಸರಿಯಾಗಿ ಕೆಳಗೇ ಹಾಕಿದೀನಿ ಅಂದ್ಕೊಂಡಿದ್ದೆ" ಎಂದಳು. "ಹೇಳಬಾರದಿತ್ತೇನೇ?"

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೊಳೆಯುತ್ತಿತ್ತು.

ಬಳಗ ನಿಂತಿಲ್ಲ. ನಾನು ಓದುತ್ತೇನೆ, ಗಿರಿಜಾ ಓದುತ್ತಾಳೆ, ಶಕ್ಕು ಕೇಳುತ್ತಾಳೆ. ಆದರೆ ಪುಸ್ತಕ ಮೊದಲು ತನ್ನ ಕೈಗೇ ಬರಬೇಕೆಂದು ಹಟ. "ಓದೋಕಾಗದಿದ್ರೂ ಮೊದಲ ಪಾಳಿ ನಂದೇ. ಬಿಡಿಸಿ ಮೂಸಿ ಕಳಿಸ್ತೀನಿ." ಒಮ್ಮೆ ನನ್ನ ರೆಕಾರ್ಡಿಂಗಿನ ಹಿಂದೆ ಕೇಳಿಸುವ ಕಟ್ಟಡದ ಹೆಂಗಸರ ಮಾತಿಗೆ ಕಿವಿಗೊಟ್ಟು, "ನೀನು ಪುಣೆಯಲ್ಲಿ ಇದ್ದೀಯೋ ಕಲಬುರಗಿಯಲ್ಲೋ?" ಎಂದು ಕೇಳಿದಳು. ನನಗೂ ಖಚಿತವಿಲ್ಲ ಎಂದೆ.

ಮೊನ್ನೆ ಹೊಸ ಪುಸ್ತಕ ಬಂತು. ತರಕಾರಿ ಚೀಲ ಹಿಡಿದು ಗೇಟು ದಾಟುತ್ತಿದ್ದವಳನ್ನು ಕಾಕಾ ಕರೆಯಲಿಲ್ಲ. ಕಟ್ಟು ಉಳಿದೆಲ್ಲರ ಕಟ್ಟುಗಳ ಜೊತೆ ಮೇಜಿನ ಮೇಲಿತ್ತು, ನಾನೇ ಹುಡುಕಿಕೊಂಡೆ. ವಿಳಾಸ ಬೇರೆ ಯಾರದೋ ಚೊಕ್ಕ ಇಂಗ್ಲಿಷಿನಲ್ಲಿತ್ತು, ಶಕ್ಕುವಿನ ಪಕ್ಕದ ಮನೆಯವರದಿರಬೇಕು. 'ವನಜಾ ಹೊಳಲ್ಕೆರೆ', ಮಹಡಿ, ಮನೆ ಸಂಖ್ಯೆ, ಪಿನ್‌ಕೋಡ್, ಎಲ್ಲ ಬೋರ್ಡಿನಲ್ಲಿರುವ ಹಾಗೆಯೇ. ಎಲ್ಲಿಯೂ ತಡೆಯದೆ, ಯಾರನ್ನೂ ಕೇಳದೆ, ಎರಡೇ ದಿನದಲ್ಲಿ ತಲುಪಿತ್ತು.

ಕಾಕಾ ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಹಿಂಬದಿ ತಿರುಗಿಸಿ ನೋಡಿದರು. ಖಾಲಿ.

"ಆಜ ಜಿಲೇಬೀ ನಾಹೀ?" ಎಂದರು. ಇವತ್ತು ಜಿಲೇಬಿ ಇಲ್ಲವೇ?

"ನಾಹೀ, ಕಾಕಾ" ಎಂದೆ. ಮೇಲೆ ಬಂದು ಕಟ್ಟು ಬಿಚ್ಚಿ, ಬಾಲ್ಕನಿಯಲ್ಲಿ ಕೂತು, ಫೋನಿನ ಗುಂಡಿ ಒತ್ತಿ, ಒಂದನೇ ಅಧ್ಯಾಯ ಎಂದು ಗಟ್ಟಿಯಾಗಿ ಓದಲು ಶುರು ಮಾಡಿದೆ.