ಬಂಡೆಹಟ್ಟಿಯಲ್ಲಿ ಮೇಲೆದ್ದ ಕೈಗಳು

ಫರೀಹಾ ಶಿರಾದ ಹುಡುಗಿ. ಮಾತು ಜೋರು, ನಡಿಗೆ ಅದಕ್ಕಿಂತ ಜೋರು. ಅಪ್ಪ ಉಮರ್‌ಗೆ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿಯಿತ್ತು, ಆದರೆ ಭಾನುವಾರ ಬಂತೆಂದರೆ ಕ್ರಿಕೆಟ್ ಮ್ಯಾಚುಗಳಿಗೆ ಸ್ಕೋರ್ ಬರೆಯಲು ಓಡುತ್ತಿದ್ದ. ಮಗಳೂ ಪಕ್ಕದಲ್ಲಿ ಕೂರುತ್ತಿದ್ದಳು. ಯಾರಾದರೂ ಐವತ್ತು ರನ್ ಹೊಡೆದೆ ಎಂದು ಕುಣಿದರೆ ಉಮರ್ ಕೇಳುತ್ತಿದ್ದುದು ಒಂದೇ ಮಾತು: “ಅರೆ, ಎಷ್ಟು ಬಾಲಿಗೆ? ಅದ್ ಹೇಳಪ್ಪ ಮೊದ್ಲು!”

ನರ್ಸಿಂಗ್ ಕಾಲೇಜಿನಲ್ಲಿ ರೋಗಗಳನ್ನು ಅಳೆಯುವ ಪಾಠ ಶುರುವಾದಾಗ ಗೆಳತಿಯರೆಲ್ಲ ತೂಕಡಿಸುತ್ತಿದ್ದರು. ಫರೀಹಾ ಮಾತ್ರ ನೆಟ್ಟಗೆ ಕುಳಿತಳು. ಕಾಯಿಲೆ ಎಷ್ಟು ಜನಕ್ಕೆ ಬಂತು ಎಂದರೆ ಸಾಲದು, ಎಷ್ಟು ಜನರ ಪೈಕಿ ಬಂತು ಎಂದೂ ಹೇಳಬೇಕು. ಇದು ಅಪ್ಪನ ಮಾತೇ ಅಲ್ಲವೆ ಎಂದು ಅವಳಿಗೆ ನಗು ಬಂದಿತ್ತು.

ಓದು ಮುಗಿದ ಮೇಲೆ ಪಾವಗಡ ತಾಲ್ಲೂಕಿನಲ್ಲಿ, ವೈ.ಎನ್.ಹೊಸಕೋಟೆಯಿಂದ ಆಚೆಗೆ, ಒಂದು ಆರೋಗ್ಯ ಉಪಕೇಂದ್ರದಲ್ಲಿ ಕೆಲಸ ಸಿಕ್ಕಿತು. ಅವಳ ಪಾಲಿಗೆ ಬಂದದ್ದು ಎರಡು ಊರು. ಒಂದು ದೊಡ್ಡ ಊರು ಕೆಂಚನಹಳ್ಳಿ, ಇನ್ನೊಂದು ಕಲ್ಲುಗುಡ್ಡದ ಮಗ್ಗುಲಿನ ಪುಟ್ಟ ಬಂಡೆಹಟ್ಟಿ.

ಶೇಂಗಾ ಹೂ ಬಿಡುವ ಹೊತ್ತಿಗೆ ಜ್ವರ ಶುರುವಾಯಿತು. ಬರೀ ಜ್ವರವಲ್ಲ, ಗಂಟುಗಂಟಿನಲ್ಲೂ ನೋವು. ಮಲಗಿದವರು ಏಳಲಾರರು, ಎದ್ದವರು ಕೂರಲಾರರು. ರಕ್ತದ ಪರೀಕ್ಷೆಯಲ್ಲಿ ಚಿಕೂನ್‌ಗುನ್ಯಾ ಎಂದು ಗೊತ್ತಾಯಿತು. ಸೊಳ್ಳೆಯಿಂದ ಬರುವ ಕಾಯಿಲೆ. ಕೆಂಚನಹಳ್ಳಿಯಲ್ಲಿ ಅರವತ್ತು ಜನ ಮಲಗಿದ್ದಾರೆಂಬ ಸುದ್ದಿಗೆ ಎಲ್ಲರೂ ಹೌಹಾರಿದರು. ಹೊಗೆ ಹಾಕುವ ಯಂತ್ರ, ಕೆಲಸದವರ ತಂಡ, ಎಲ್ಲವೂ ಅಲ್ಲಿಗೇ ಹೋದವು. ಮೊದಲು ಫರೀಹಾ ಕೂಡ ಅದೇ ಸರಿ ಎಂದುಕೊಂಡಿದ್ದಳು. ಬಂಡೆಹಟ್ಟಿಯಲ್ಲಿ ಮಲಗಿದ್ದವರು ನಲವತ್ತೈದು ಮಂದಿ ಅಷ್ಟೆ.

ಸಂಜೆ ಸ್ಕೂಟಿ ಓಡಿಸುತ್ತಿದ್ದಾಗ ಅವಳಿಗೆ ತಟ್ಟನೆ ಹೊಳೆಯಿತು. ಅಲ್ಲೇ ಬ್ರೇಕ್ ಹಾಕಿ ವೈದ್ಯಾಧಿಕಾರಿ ಡಾಕ್ಟರ್ ಪ್ರಭುದೇವ್‌ಗೆ ಫೋನ್ ಮಾಡಿದಳು.

“ಸಾರ್, ಕೆಂಚನಹಳ್ಳಿಯಲ್ಲಿ ಎರಡು ಸಾವಿರ ಜನ ಇದಾರೆ. ಅರವತ್ತು ಅಂದ್ರೆ ನೂರಕ್ಕೆ ಮೂರು. ಬಂಡೆಹಟ್ಟೀಲಿ ಇರೋದೇ ನೂರೈವತ್ತು ಜನ ಸಾರ್! ನೂರಕ್ಕೆ ಮೂವತ್ತು!”

ಡಾಕ್ಟರು, “ಹತ್ತು ಪಟ್ಟು ಕಣಮ್ಮ! ನಡಿ, ನಾನೂ ಬರ್ತೀನಿ. ಅಲ್ಲೇನೋ ಇದೆ,” ಎಂದರು. ಅವರ ದನಿಯಲ್ಲೂ ಬೇಟೆಗೆ ಹೊರಟವರ ಹುರುಪಿತ್ತು.

ಬೆಳಿಗ್ಗೆ ಇಬ್ಬರೂ ಟಾರ್ಚ್ ಹಿಡಿದು ಬಂಡೆಹಟ್ಟಿಯ ಮನೆಮನೆ ಹೊಕ್ಕರು. ಕೆಂಚನಹಳ್ಳಿಗೆ ನಲ್ಲಿ ನೀರು ದಿನವೂ ಬರುತ್ತಿತ್ತು. ಹಟ್ಟಿಗೆ ವಾರಕ್ಕೊಮ್ಮೆ ಟ್ಯಾಂಕರ್. ಹಾಗಾಗಿ ಪ್ರತಿ ಮನೆಯ ಮುಂದೆಯೂ ನೀಲಿ ಡ್ರಮ್ಮುಗಳು. ಫರೀಹಾ ಮೊದಲ ಡ್ರಮ್ಮಿಗೆ ಬೆಳಕು ಬಿಟ್ಟಳು. ನೀರಿನೊಳಗೆ ಸೊಳ್ಳೆಯ ಸಣ್ಣ ಮರಿಹುಳಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು.

“ಸಿಕ್ತು ಸಾರ್!” ಎಂದು ಅವಳು ಕಿರುಚಿದ್ದಕ್ಕೆ ಇಡೀ ಬೀದಿಯೇ ಹೊರಗೆ ಬಂತು.

ಎಲ್ಲ ಡ್ರಮ್ಮುಗಳ ನೀರನ್ನೂ ಚೆಲ್ಲಬೇಕು ಎಂದು ಫರೀಹಾ ಹೇಳಿದ್ದೇ ತಡ, ಆ ಮನೆಯ ಸಣ್ಣಕ್ಕ ಡ್ರಮ್ಮನ್ನು ತಬ್ಬಿ ನಿಂತಳು. ಅವಳಿಗೂ ಮಂಡಿ ಊದಿತ್ತು. ಆ ಸೀಮೆಯ ತೆಲುಗು ಬೆರೆತ ಮಾತಿನಲ್ಲಿ ರೇಗಿದಳು.

“ಏಮ್ಮಾ ಅಮ್ಮಾಯಿ, ನೀರ್ ಚೆಲ್ಲು ಅಂತೀಯಾ? ಪ್ರಾಣ ಬೇಕಾರೆ ಕೇಳು ಕೊಡ್ತೀನಿ, ನೀರ್ ಕೇಳ್ಬ್ಯಾಡ!”

ಸಣ್ಣಕ್ಕನ ಮಾತೂ ನಿಜವೇ. ಫರೀಹಾ, “ಅಕ್ಕಾ, ಹಳೇ ಪಂಚೆ ಐತಾ?” ಎಂದಳು. ಪಂಚೆಯನ್ನು ಬಿಂದಿಗೆಗಳ ಬಾಯಿಗೆ ಕಟ್ಟಿ ನೀರು ಸೋಸಿದರು. ಖಾಲಿ ಡ್ರಮ್ಮಿನ, ಸೊಳ್ಳೆಯ ಮೊಟ್ಟೆ ಅಂಟಿದ್ದ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಸಗಸ ಉಜ್ಜಿದರು. ಸೋಸಿದ ನೀರನ್ನು ಮತ್ತೆ ಅದಕ್ಕೇ ತುಂಬಿ ಬಿಗಿಯಾಗಿ ಬಟ್ಟೆ ಕಟ್ಟಿದರು. ಹುಳ ಪಂಚೆಯ ಮೇಲೆ ಉಳಿದವು, ನೀರು ಉಳಿಯಿತು.

“ಇಂಗಾದ್ರೆ ಸರಿ ಬುಡು,” ಎಂದ ಸಣ್ಣಕ್ಕ ಕುಂಟಿಕೊಂಡೇ ಪಕ್ಕದ ಮನೆಗೆ ಹೊರಟಳು. “ಲೇ, ಪಂಚೆ ತಗೊಂಬರ್ರೇ!”

ಅಂದಿನಿಂದ ಶುಕ್ರವಾರ ಬಂತೆಂದರೆ ಹಟ್ಟಿಯಲ್ಲಿ ಡ್ರಮ್ ಉಜ್ಜುವ ಗದ್ದಲ. ಕೆಲವು ವಾರ ಕಳೆದವು. ಆದರೂ ಜನರ ಕುಂಟಾಟ ನಿಲ್ಲಲಿಲ್ಲ. ಪಂಚಾಯ್ತಿ ಸದಸ್ಯ ತಿಪ್ಪೇಶ್ ಅರಳಿಕಟ್ಟೆಯ ಬಳಿ ಸಭೆ ಕರೆದ.

“ಮೇಡಮ್, ಉಜ್ಜಿದ್ದೇ ಬಂತು. ಊರ್ ತುಂಬಾ ಇನ್ನೂ ಕುಂಟ್ತಾವ್ರೆ. ಏನ್ ಕಡಿಮೆ ಆಯ್ತು ಹೇಳಿ?”

ಜನ ಗೊಣಗಿದರು. ಫರೀಹಾ ಕಟ್ಟೆ ಹತ್ತಿ ನಿಂತಳು.

“ಈಗ್ಲೂ ಕೈಕಾಲು ನೋವು ಇರೋರು ಕೈ ಎತ್ತಿ.”

ನಲವತ್ತರ ಹತ್ತಿರ ಕೈಗಳು ಮೇಲೆದ್ದವು. “ನೋಡಿದ್ರಾ?” ಎಂದ ತಿಪ್ಪೇಶ್.

“ನಿಲ್ಲಿ. ಇವರಲ್ಲಿ ಈ ಎರಡು ವಾರದಲ್ಲಿ ಹೊಸದಾಗಿ ಜ್ವರ ಬಂದೋರು ಮಾತ್ರ ಕೈ ಎತ್ತೇ ಇರಿ. ಮಿಕ್ಕೋರು ಇಳಿಸಿ.”

ಕೈಗಳು ಒಂದೊಂದಾಗಿ ಇಳಿದವು. ಜನ ಅತ್ತಿತ್ತ ತಿರುಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೋವು ಹಳೇದು ಕಣಣ್ಣ,” ಎಂದಳು ಫರೀಹಾ. “ಈ ಜ್ವರ ಹೋದ್ರೂ ಗಂಟುನೋವು ತಿಂಗಳುಗಟ್ಟಲೆ ಇರುತ್ತೆ. ಕಾಯಿಲೆ ಇರೋರು ಎಷ್ಟು ಅನ್ನೋದು ಒಂದು ಲೆಕ್ಕ. ಹೊಸದಾಗಿ ಬೀಳ್ತಿರೋರು ಎಷ್ಟು ಅನ್ನೋದು ಬೇರೆ ಲೆಕ್ಕ. ನಾವು ಗೆದ್ವೋ ಸೋತ್ವೋ ಅಂತ ಹೇಳೋದು ಎರಡನೇದು!”

“ಅಂದ್ರೆ ಹೊಸಬ್ರು ಯಾರೂ ಇಲ್ವಾ?” ತಿಪ್ಪೇಶನ ಮುಖ ಅರಳಿತು.

“ನಾನ್ ಇವ್ನಿ ಕಣಪ್ಪ,” ಎಂದಿತು ಹಿಂದಿನಿಂದ ಒಂದು ದನಿ. ಒಂದೇ ಒಂದು ಕೈ ಇನ್ನೂ ಮೇಲೇ ಇತ್ತು. ಹಟ್ಟಿಯ ಅಜ್ಜಿ ಕರಿಬಸಮ್ಮನದು. ಜ್ವರ ಬಂದು ನಾಲ್ಕು ದಿನವಾಗಿತ್ತು, ಬೇರೆ ಊರಿಗೂ ಹೋಗಿರಲಿಲ್ಲ. ಅಂದರೆ ಸೊಳ್ಳೆ ಹಟ್ಟಿಯಲ್ಲೇ ಎಲ್ಲೋ ಇನ್ನೂ ಹುಟ್ಟುತ್ತಿತ್ತು.

ಫರೀಹಾ ಕಟ್ಟೆಯಿಂದ ಧುಮುಕಿದಳು. “ನಡೀರಿ ಅವ್ವಾರ ಮನೆಗೆ!” ಹಿಂದೆ ತಿಪ್ಪೇಶ್, ಅವನ ಹಿಂದೆ ಸಣ್ಣಕ್ಕ, ಕುಂಟುವವರು ಕುಂಟುತ್ತಲೇ ಇಡೀ ಹಟ್ಟಿ ದಿಬ್ಬಣದಂತೆ ಹೊರಟಿತು. ಡ್ರಮ್ಮು ಶುದ್ಧವಾಗಿತ್ತು. ಮಡಕೆಯಲ್ಲಿ ಏನಿಲ್ಲ. ಸೂರು ನೋಡಿದರು, ಕೊಟ್ಟಿಗೆ ನೋಡಿದರು. ಹಿತ್ತಲಲ್ಲಿ ಜಾಲಿಸೊಪ್ಪು ಸರಿಸಿದ ಸಣ್ಣಕ್ಕ ಕೂಗಿದಳು: “ಅಮ್ಮಾಯಿ, ಬಾ ಇಲ್ಲಿ! ಒರಳುಕಲ್ಲು!”

ಬಳಸದೆ ಬಿಟ್ಟಿದ್ದ ಒರಳಿನಲ್ಲಿ ಮಳೆನೀರು ನಿಂತಿತ್ತು. ಅದರೊಳಗೆ ಹುಳಗಳ ಜಾತ್ರೆಯೇ ನೆರೆದಿತ್ತು. ತಿಪ್ಪೇಶ್ ಪಂಚೆ ಎತ್ತಿ ಕಟ್ಟಿ, ಇನ್ನಿಬ್ಬರ ಜೊತೆ ಸೇರಿ ಒರಳನ್ನು ಮಗುಚಿದ. ಜನ ಹೋ ಎಂದರು.

ಕರಿಬಸಮ್ಮನಾದ ಮೇಲೆ ಆ ವರ್ಷ ಹಟ್ಟಿಯಲ್ಲಿ ಇನ್ನೊಬ್ಬರಿಗೆ ಆ ಜ್ವರ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಣ್ಣಕ್ಕ ಊತವಿಲ್ಲದ ಮಂಡಿ ಮಡಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಫರೀಹಾಳ ಸ್ಕೂಟಿ ತಡೆದು, ಎರಡು ಬೊಗಸೆ ಬೀಜವನ್ನು ಅವಳ ಬ್ಯಾಗಿಗೆ ಸುರಿದು, ಮತ್ತೆ ಕೆಲಸಕ್ಕೆ ಕುಳಿತಳು.